ಆನೆಯ ಹಲ್ಲು ಗುರುತಿಸಿದವರು

ಕೇಳುಗರೇ, ನಮಸ್ಕಾರ.

ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದವರೆಲ್ಲ ಆನೆಯ ಸೊಂಡಿಲು ನೋಡುತ್ತಾರೆ, ದಂತ ನೋಡುತ್ತಾರೆ. ಬಾಯಿಯ ಒಳಗೆ ನೋಡುವವರು ಕಡಿಮೆ. ತುಂಗೆಯಲ್ಲಿ ಸ್ನಾನ ಮುಗಿಸಿದ ಆನೆಗೆ ಕಾವಾಡಿ ತುತ್ತು ಕೊಡುವಾಗ ಒಂದು ಕ್ಷಣ ಬಗ್ಗಿ ನೋಡಿ. ಇಟ್ಟಿಗೆಯಷ್ಟು ದೊಡ್ಡ ದವಡೆ ಹಲ್ಲು ಕಾಣುತ್ತದೆ. ಅದರ ಮೇಲೆ ಉತ್ತ ಗದ್ದೆಯ ಹಾಗೆ ಅಡ್ಡಡ್ಡ ಸಾಲುಗಳು. ಕೆಳದವಡೆ ಹಿಂದೆ ಮುಂದೆ ಸರಿದಾಗ ಹುಲ್ಲು, ಬಿದಿರು, ತೊಗಟೆ ಎಲ್ಲ ಅರೆದು ಹೋಗುತ್ತದೆ.

ನಮಗೆ ಹಲ್ಲು ಎರಡು ಸಲ ಬರುತ್ತವೆ. ಆನೆಗೆ ಆರು ಸಲ. ಕೆಳಗಿನಿಂದ ಅಲ್ಲ, ಹಿಂದಿನಿಂದ ಮುಂದಕ್ಕೆ ತಳ್ಳಿಕೊಂಡು ಬರುತ್ತವೆ. ಆರನೆಯದೂ ಸವೆದರೆ ಮುದಿ ಆನೆಗೆ ಮೇಯುವುದೇ ಕಷ್ಟ. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಹಲ್ಲಿನ ಹೊರಪದರ ದೇಹದಲ್ಲೇ ಗಟ್ಟಿ. ಅದಕ್ಕೇ ಆನೆಯ ಹಳೇ ನೆಂಟರ ಹಲ್ಲುಗಳು ಕಲ್ಲಾಗಿ ಉಳಿದಿವೆ. ನಮ್ಮ ಶಿವಮೊಗ್ಗದ ಬಂಡೆಗಳಲ್ಲಿ ಹುಡುಕಬೇಡಿ, ಅವು 250 ಕೋಟಿ ವರ್ಷಕ್ಕಿಂತ ಹಳೆಯವು. ಆಗ ಆನೆಯೂ ಇರಲಿಲ್ಲ, ಹುಲ್ಲೂ ಇರಲಿಲ್ಲ. ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳಲ್ಲಾದರೆ ರಾಶಿ ಸಿಕ್ಕಿವೆ. ಅಲ್ಲಿನ ಸ್ಟೆಗೊಡಾನ್ ಎಂಬ ನೆಂಟನ ಹಲ್ಲನ್ನು ಪಕ್ಕದಿಂದ ನೋಡಿದರೆ ನಮ್ಮ ಹೆಂಚಿನ ಮನೆಗಳ ಮಾಡು ಸಾಲಾಗಿ ನಿಂತ ಹಾಗೆ. ಹೆಸರಿನ ಅರ್ಥವೂ ಅದೇ, ಮಾಡಿನಂಥ ಹಲ್ಲು. ಅದರ ಒಂದು ಜಾತಿಗೆ ಗಣೇಶನ ಹೆಸರಿಟ್ಟಿದ್ದಾರೆ. ಅಮೆರಿಕದ ಇನ್ನೊಬ್ಬ ನೆಂಟ ಮ್ಯಾಸ್ಟೊಡಾನ್‌ನ ಹಲ್ಲೋ, ಗುಡ್ಡಗಳನ್ನು ಜೋಡಿಸಿಟ್ಟಂತೆ. ಸೊಪ್ಪು, ಕಡ್ಡಿ ಜಜ್ಜುವುದಕ್ಕೆ ಅದು. ಹುಲ್ಲು ತಿನ್ನುತ್ತಿದ್ದ ಮ್ಯಾಮತ್‌ಗೆ ಮಾತ್ರ ನಮ್ಮ ಆನೆಯಂತೆಯೇ ಒತ್ತೊತ್ತಾದ ಸಾಲುಗಳು. ಹಲ್ಲು ನೋಡಿಯೇ ಯಾರು ಏನು ತಿಂದರು ಅಂತ ಹೇಳಬಹುದು, ಅಲ್ವಾ?

1705ರಲ್ಲಿ ನ್ಯೂಯಾರ್ಕ್ ಸೀಮೆಯಲ್ಲಿ ಒಂದು ಮ್ಯಾಸ್ಟೊಡಾನ್ ಹಲ್ಲು ಸಿಕ್ಕಿತು. ಮಹಾಪ್ರಳಯದಲ್ಲಿ ಮುಳುಗಿದ ರಾಕ್ಷಸನದು ಎಂದರು ದೊಡ್ಡವರು. ಸುಮಾರು 20 ವರ್ಷದ ಮೇಲೆ ಕೆರೊಲಿನಾದ ಸ್ಟೋನೊ ಎಂಬಲ್ಲಿ ನೆಲ ಅಗೆಯುವಾಗ ಮ್ಯಾಮತ್ ಹಲ್ಲುಗಳು ಬಂದವು. ಅಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿದ್ದರು. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಇದು ಆನೆಯ ದವಡೆ ಹಲ್ಲು. ಮ್ಯಾಮತ್ ಆನೆಯ ನೆಂಟ, ಆದರೆ ಬೇರೆ ಜಾತಿ ಎಂದು ಫ್ರಾನ್ಸಿನ ವಿಜ್ಞಾನಿ ಕ್ಯೂವಿಯೆ ತೋರಿಸಿಕೊಟ್ಟದ್ದು 1796ರಲ್ಲಿ. ಆ ಗುಲಾಮರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಸಕ್ರೆಬೈಲಿನ ಯಾವ ಕಾವಾಡಿಯ ಕೈಗೆ ಆ ಹಲ್ಲು ಕೊಟ್ಟಿದ್ದರೂ, ಮಣ್ಣು ಒರೆಸಿ, ಸಾಲುಗಳ ಮೇಲೆ ಬೆರಳಾಡಿಸಿ, ಅವರೂ ಇದನ್ನೇ ಹೇಳುತ್ತಿದ್ದರು.

ನಮಸ್ಕಾರ.