ಕ್ವಿಲ್ಟ್ ಹೊಲಿಯುವ ಮಷೀನಿನಲ್ಲಿ ನನಗೆ ಬೇಕಾದದ್ದು, ಬೇಡವಾದದ್ದು

ಕೆಳಗೆ ಅಸ್ತರು, ನಡುವೆ ಹತ್ತಿ, ಮೇಲೆ ತುಂಡು ಜೋಡಿಸಿದ ಬಟ್ಟೆ. ಮೂರನ್ನೂ ಸೇರಿಸಿ ಹೊಲಿದರೆ ಅದೇ ಕ್ವಿಲ್ಟ್. ಸೇಫ್ಟಿ ಪಿನ್ ಹಾಕುವುದನ್ನು ಈ ವಿಡಿಯೋದಲ್ಲಿ ನೀವೇ ನೋಡುತ್ತಿದ್ದೀರಿ, ಅದನ್ನು ಮತ್ತೆ ಬಾಯಲ್ಲಿ ಹೇಳುವುದು ಬೇಡ. ಪಿನ್ ಮುಗಿಯುವಷ್ಟರಲ್ಲಿ ತುಂಬಾ ಜನ ಕೇಳುವ ಪ್ರಶ್ನೆಗೆ ಬರೋಣ. ಕ್ವಿಲ್ಟ್‌ಗೆ ಎಂಥ ಮಷೀನ್ ತಗೋಬೇಕು?

ಮಷೀನ್ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಎಷ್ಟು ಬಗೆಯ ಹೊಲಿಗೆ ಇದೆ ಅಂತ. ಹೂವು, ಎಲೆ, ಬಾತುಕೋಳಿ, ಅಕ್ಷರಮಾಲೆ. ಅದರಲ್ಲಿ ಮುಕ್ಕಾಲು ಪಾಲು ನನಗೆ ಬೇಡವೇ ಬೇಡ. ನೇರ ಹೊಲಿಗೆ ಬೇಕು, ಅದು ನಿಜಕ್ಕೂ ನೇರವಾಗಿರಬೇಕು. ಬಟ್ಟೆ ಮೇಲೆ ಬಟ್ಟೆ ಅಂಟಿಸಿ ಚಿತ್ತಾರ ಮಾಡುವವರಿಗೆ ಜಿಗ್‌ಜಾಗ್ ಇದ್ದರೆ ಒಳ್ಳೆಯದು. 1933ರಲ್ಲಿ ಬಂದ ಸಿಂಗರ್ ಫೆದರ್‌ವೇಟ್ ಗೊತ್ತಲ್ವಾ, ಕಪ್ಪಗೆ, ಪುಟ್ಟದಾಗಿ, 5 ಕಿಲೋ ಆಸುಪಾಸು ತೂಕ? ಅದಕ್ಕೆ ನೇರ ಹೊಲಿಗೆ ಬಿಟ್ಟು ಬೇರೇನೂ ಬರುವುದಿಲ್ಲ. ಆದರೂ ತುಂಡು ಜೋಡಿಸುವವರು ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ನಾನು ನೋಡುವುದು ಒಂದೇ. ಹೊಲಿಯುವಾಗ ನನ್ನ ಎರಡೂ ಕೈ ಬಟ್ಟೆ ಮೇಲೇ ಇರಬೇಕು. ಲಿವರ್ ಎತ್ತು, ಚಕ್ರ ತಿರುಗಿಸು, ಕತ್ತರಿ ಹುಡುಕು ಅಂತ ಸುಮ್ನೆ ಸುಮ್ನೆ ಕೈ ತೆಗೆಸುವ ಮಷೀನ್ ಎಷ್ಟೇ ಹೆಸರು ಮಾಡಿರಲಿ, ನನಗೆ ಆಗಿಬರುವುದಿಲ್ಲ.

ಈಗ ತೋರಿಸುತ್ತಿರುವುದು ತುಂಡು ಜೋಡಿಸಿದಾಗಿನ ಶಾಟ್. ಸೂಜಿಯ ಹತ್ತಿರ ಬಟ್ಟೆಯನ್ನು ಒತ್ತಿ ಹಿಡಿಯುವ ಲೋಹದ ಭಾಗವೇ ಫುಟ್. ಫುಟ್‌ನ ಬಲಗಡೆ ಚಿಕ್ಕ ಲೋಹದ ಗೋಡೆ ಕಾಣುತ್ತಿದೆಯಾ? ಇದು ಕಾಲಿಂಚಿನ ಫುಟ್. ಬಟ್ಟೆಯ ಅಂಚು ಆ ಗೋಡೆಗೆ ತಾಗಿಕೊಂಡೇ ಹೋಗುತ್ತದೆ. ಇಷ್ಟು ಸಣ್ಣದಕ್ಕೆ ಯಾಕೆ ಇಷ್ಟು ಮಾತು ಅಂದರೆ, ಲೆಕ್ಕ ಹಾಕಿ ನೋಡಿ. ಒಂದು ಸಾಲಿನಲ್ಲಿ 9 ತುಂಡು, ನಡುವೆ 8 ಹೊಲಿಗೆ. ಮಾರ್ಜಿನ್, ಅಂದರೆ ಹೊಲಿಗೆಯಿಂದ ಬಟ್ಟೆಯ ಅಂಚಿನವರೆಗೆ ಬಿಡುವ ಜಾಗ, ಬರೀ 1/16 ಇಂಚು ಜಾಸ್ತಿ ಹಿಡಿದರೆ ಪ್ರತಿ ಹೊಲಿಗೆಗೂ ಎರಡು ಕಡೆಯಿಂದ ಸೇರಿ 1/8 ಇಂಚು ಹೋಯಿತು. 8 ಹೊಲಿಗೆಗೆ ಪೂರ್ತಿ ಒಂದು ಇಂಚು! ಪಕ್ಕದ ಸಾಲಿಗೆ ಅದು ಕೂಡುವುದೇ ಇಲ್ಲ. ಅದಕ್ಕೇ ಕಾಲಿಂಚಿಗಿಂತ ಒಂದೆರಡು ಎಳೆ ಕಡಿಮೆಯೇ ಹಿಡಿಯುವುದು, ಮಡಿಸಿ ಇಸ್ತ್ರಿ ಮಾಡುವಾಗ ಬಟ್ಟೆಯ ದಪ್ಪ ಅಷ್ಟನ್ನು ನುಂಗುತ್ತದೆ. ಸೂಜಿಯನ್ನು ಒಂಚೂರು ಬಲಕ್ಕೆ ಸರಿಸಲು ಬರುವ ಮಷೀನ್ ಆದರೆ ಇದು ಸಲೀಸು.

ಸರಿ, ಕ್ವಿಲ್ಟ್ ಮಷೀನಿಗೆ ಏರಿತು. ಈ ಮೂಲೆ ನೋಡಿ. ನಿಲ್ಲಿಸಿದೆ, ಸೂಜಿ ಬಟ್ಟೆಯೊಳಗೇ ನಿಂತಿತು. ನೀಡಲ್ ಡೌನ್ ಅಂದರೆ ಇದೇ. ಮೊಣಕಾಲಿಂದ ಆ ಕಂಬಿಯನ್ನು ಪಕ್ಕಕ್ಕೆ ಒತ್ತಿದೆ, ಫುಟ್ ಎದ್ದಿತು, ಬಟ್ಟೆ ತಿರುಗಿಸಿದೆ, ಕಾಲು ಬಿಟ್ಟೆ, ಮುಂದೆ ಹೊರಟಿತು. ಕೈ ಎಲ್ಲೂ ಹೋಗಲಿಲ್ಲ. ಈ ಎರಡು ಇದ್ದರೆ ಅರ್ಧ ಸುಸ್ತು ಕಡಿಮೆ.

ಈಗ ಹಾಕಿರುವುದು ವಾಕಿಂಗ್ ಫುಟ್. ಮಾಮೂಲಿ ಫುಟ್‌ನಲ್ಲಿ ಕೆಳಗಿನ ಹಲ್ಲು ಅಸ್ತರನ್ನು ಮಾತ್ರ ಎಳೆಯುತ್ತದೆ, ಮೇಲಿನ ಬಟ್ಟೆ ಫುಟ್‌ಗೆ ಸಿಕ್ಕಿ ಹಿಂದೆ ಬೀಳುತ್ತದೆ, ಕೊನೆಗೆ ನೆರಿಗೆ. ವಾಕಿಂಗ್ ಫುಟ್‌ಗೆ ತನ್ನದೇ ಹಲ್ಲು ಇದೆ, ಮೇಲಿನದನ್ನೂ ಜೊತೆಗೇ ಸಾಗಿಸುತ್ತದೆ. ಫಾಫ್ ಕಂಪನಿಯ ಹಲವು ಮಷೀನುಗಳಲ್ಲಿ ಈ ವ್ಯವಸ್ಥೆಯನ್ನು ಮಷೀನಿನೊಳಗೇ ಕೂರಿಸಿರುತ್ತಾರೆ, ಬೇಕೆಂದಾಗ ಎಳೆದು ಸಿಕ್ಕಿಸಿಕೊಂಡರಾಯಿತು. ಹೊಲಿಗೆಯ ಉದ್ದ 3 ಮಿಲಿಮೀಟರ್ ಇಟ್ಟಿದ್ದೇನೆ, ಸೂಜಿಯ ಸೈಜು 90/14.

ಹಾಂ, ಇಲ್ಲಿ ಬಂತು ನೋಡಿ. ಈ ಭಾಗ ಕತ್ತರಿಸದೆ ಹಾಗೇ ಬಿಟ್ಟಿದ್ದೇನೆ. ಮಷೀನ್ ಓಡುತ್ತಿದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ, ಅಲ್ವಾ? ಹತ್ತಿರದಿಂದ ನೋಡಿ. ದಾರ ಬಟ್ಟೆ ಮೇಲೆ ಸುಮ್ನೆ ಮಲಗಿದೆ. ಬೆರಳಲ್ಲಿ ಎತ್ತಿದರೆ ಹಾಗೇ ಬಂದುಬಿಡುತ್ತದೆ. ಬಾಬಿನ್, ಅಂದರೆ ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ, ಖಾಲಿ! ಒಂದು ಗೇಣಿನಷ್ಟು ಬರೀ ತೂತು. ದಾರ ಮುಗಿಯಿತು ಅಂತ ಈ ಮಷೀನ್ ಒಂದು ಮಾತು ಹೇಳುವುದಿಲ್ಲ, ಇದಕ್ಕೆ ಆ ಸೆನ್ಸರೇ ಇಲ್ಲ. ಇನ್ನು ಬಾಬಿನ್ ಎಲ್ಲಿದೆ? ಮುಂಭಾಗದಲ್ಲಿ, ಈ ಅಗಲದ ಹಲಗೆಯ ಹಿಂದೆ, ಹಲಗೆ ಮೇಲೆ ಇಡೀ ಕ್ವಿಲ್ಟ್. ಫುಟ್ ಎತ್ತು, ಅಷ್ಟು ಭಾರವನ್ನೂ ಹಿಂದಕ್ಕೆ ಸರಿಸು, ಹಲಗೆ ಕಳಚು, ಬಾಬಿನ್ ಇರುವ ಕೇಸ್ ಹೊರಗೆ ತೆಗೆ. ಬಾಬಿನ್ ಸುತ್ತಿಟ್ಟಿಲ್ಲದಿದ್ದರೆ ಸೂಜಿಯ ದಾರವನ್ನೂ ಬಿಚ್ಚಿ, ಸುತ್ತಿ, ಮತ್ತೆ ಪೋಣಿಸಬೇಕು. ಆಮೇಲೆ ಕೊನೆಯ ಗಟ್ಟಿ ಹೊಲಿಗೆ ಎಲ್ಲಿದೆ ಅಂತ ಹುಡುಕಿ, ದಾರದ ತುದಿಗಳನ್ನು ಗಂಟು ಹಾಕಿ, ಕೈಸೂಜಿಯಲ್ಲಿ ಹತ್ತಿಯೊಳಗೆ ಎಳೆದು ಮುಚ್ಚಬೇಕು. ದಾರ ಮುಗಿಯುವ ಮೊದಲೇ ಎಚ್ಚರಿಸುವ ಮಷೀನುಗಳಿವೆ, ಸೂಜಿಯ ದಾರ ಬಿಚ್ಚದೆಯೇ ಬಾಬಿನ್ ಸುತ್ತಲು ಬಿಡುವಂಥವೂ ಇವೆ. ಬಾತುಕೋಳಿ ಹೊಲಿಗೆಗೆ ಬದಲು ಇದನ್ನು ಎಲ್ಲ ಮಷೀನಿಗೂ ಕೊಡಬಾರದಾ?

ಮೇಲಿಂದಲೇ ಹಾಕುವ ಬಾಬಿನ್ ಆಗಿದ್ದರೆ, ಅದರ ಪಾರದರ್ಶಕ ಮುಚ್ಚಳದಲ್ಲಿ ದಾರ ಎಷ್ಟಿದೆ ಅಂತ ಕಾಣುತ್ತದೆ. ಅದೇ ಒಳ್ಳೆಯದು. ಆದರೆ ಅದರ ಮೇಲೂ ಕ್ವಿಲ್ಟ್ ಕೂತಿರುತ್ತದಲ್ಲ, ಕಾಣುವುದು ಬಟ್ಟೆ ಸರಿಸಿದಾಗ ಮಾತ್ರ. ಹಾಗಾದರೆ ಸೆನ್ಸರೇ ಬೇಕು. ಹೌದು, ಸೆನ್ಸರೇ.

ದಾರ ತಾನೇ ಕತ್ತರಿಸುವ ಬಟನ್ ವಿಷಯ. ಕ್ವಿಲ್ಟಿಂಗ್‌ಗೆ ನನಗೆ ಅದು ಬೇಡ, ತುದಿ ತುಂಬಾ ಗಿಡ್ಡ ಬಿಡುತ್ತದೆ, ಗಂಟು ಹಾಕಿ ಮುಚ್ಚಲು ದಾರವೇ ಸಿಗುವುದಿಲ್ಲ. ಆದರೆ ತುಂಡು ಜೋಡಿಸುವಾಗ? ಆಗ ಬೇಕು, ಖಂಡಿತ ಬೇಕು. ಜೂಕಿ ಕಂಪನಿಯ ಟಿಎಲ್-2010ಕ್ಯೂ ಮಷೀನಿನಲ್ಲಿ ಪೆಡಲನ್ನು ಹಿಮ್ಮಡಿಯಿಂದ ಒತ್ತಿದರೆ ದಾರ ಕತ್ತರಿಸುತ್ತದೆ, ಕೈಗೆ ಆ ಕೆಲಸವೂ ಉಳಿಯಿತು. ಅದೂ ನೇರ ಹೊಲಿಗೆ ಮಾತ್ರ ಹಾಕುವ ಮಷೀನ್, ನೋಡಿ.

ಬೇಗ ಹೇಳುತ್ತೇನೆ, ಶಾಟ್ ಮುಗಿಯುತ್ತಾ ಬಂತು. ಸೂಜಿಯಿಂದ ಬಲಗಡೆಯ ಕಂಬದವರೆಗಿನ ಜಾಗ ಅಳೆಯಿರಿ. ಮಾಮೂಲಿ ಮಷೀನುಗಳಲ್ಲಿ 6–7 ಇಂಚು, ಕ್ವಿಲ್ಟ್‌ಗೆಂದೇ ಮಾಡಿದ ದೊಡ್ಡವುಗಳಲ್ಲಿ 9–11. ಕ್ವಿಲ್ಟ್‌ನ ನಡುಭಾಗ ಹೊಲಿಯುವಾಗ ಅರ್ಧ ಕ್ವಿಲ್ಟ್ ಸುರುಳಿಯಾಗಿ ಅಲ್ಲೇ ತೂರಬೇಕು, ಆ ನಾಲ್ಕು ಇಂಚಿನ ಬೆಲೆ ಆಗ ಭುಜಕ್ಕೆ ಗೊತ್ತಾಗುತ್ತದೆ. ಫ್ರೀ ಮೋಷನ್, ಅಂದರೆ ಬಟ್ಟೆಯನ್ನು ಕೈಯಿಂದಲೇ ಬೇಕಾದ ಕಡೆ ಓಡಿಸಿ ಹೊಲಿಯುವುದು, ಮಾಡುವವರು ಬಟ್ಟೆ ಎಳೆಯುವ ಹಲ್ಲು ಕೆಳಗಿಳಿಸುವ ಲಿವರ್ ಇದೆಯಾ ಕೇಳಿ. ಹಲ್ಲು ಇಳಿದ ಮೇಲೆ ಹೊಲಿಗೆಯ ಉದ್ದ ನಿಮ್ಮ ಕೈಯ ಓಟ ಮತ್ತು ಮಷೀನಿನ ವೇಗದ ಮೇಲೆ ನಿಂತಿರುತ್ತದೆ, ಅದಕ್ಕೇ ವೇಗಕ್ಕೆ ಮಿತಿ ಹಾಕುವ ಗುಂಡಿಯೂ ಬೇಕು. ಕೊಳ್ಳುವ ಮೊದಲು ಮೂರು ಪದರದ ತುಂಡನ್ನು ಜೊತೆಗೆ ಒಯ್ದು ಅದರ ಮೇಲೇ ಹೊಲಿದು ನೋಡಿ, ಅಂಗಡಿಯವರು ಕೊಡುವ ಒಂದೇ ಪದರದ ಬಟ್ಟೆ ಮೇಲೆ ಎಲ್ಲ ಮಷೀನೂ ಚೆನ್ನಾಗಿಯೇ ಹೊಲಿಯುತ್ತದೆ.

ಬಾಬಿನ್ ತುಂಬಿತು, ಹಲಗೆ ಸಿಕ್ಕಿಸಿದೆ. ಉಳಿದ ಸಾಲುಗಳನ್ನು ಫಾಸ್ಟ್ ಫಾರ್ವರ್ಡ್ ಮಾಡಿದ್ದೇನೆ, ಅಂಚುಪಟ್ಟಿ ಮುಂದಿನ ವಿಡಿಯೋದಲ್ಲಿ.