ಒಂದಡಿ ಪೈಪು ಕೇಳಿದ್ದಕ್ಕೆ ಹತ್ತಡಿ!

ಹಾಂ, ರೆಕಾರ್ಡ್ ಆಗುತ್ತಿದೆ. ಇದು ನಮ್ಮ ಮನೆ ತಾರಸಿ. ಹಿಂದೆ ಒಣಗುತ್ತಿರುವ ಬಟ್ಟೆ ನೋಡಬೇಡಿ.

ಇವತ್ತು ಕೊಳಲು ಮಾಡುತ್ತೇನೆ. ಬೇಕಾಗಿದ್ದು ಮುಕ್ಕಾಲು ಇಂಚಿನ ಪಿವಿಸಿ ಪೈಪು, ಒಂದೇ ಒಂದು ಅಡಿ. ಮಂಡಿಪೇಟೆಗೆ ಹೋಗಿ ಕೇಳಿದರೆ, "ಕಟ್ ಮಾಡಿ ಕೊಡಲ್ಲ ಅಕ್ಕ, ಫುಲ್ ಲೆಂತೇ ತಗೋಬೇಕು." ಫುಲ್ ಲೆಂತ್ ಅಂದರೆ ಹತ್ತಡಿ! ಗೋಗರೆದೆ. ಇಡೀ ಪೈಪಿನ ದುಡ್ಡು ಕೊಡುತ್ತೇನೆ, ಕತ್ತರಿಸಿಯಾದರೂ ಕೊಡಿ ಎಂದೆ. ಗರಗಸ ಇಲ್ಲವಂತೆ. ಪೈಪಿನ ಅಂಗಡಿಯಲ್ಲಿ ಗರಗಸ ಇಲ್ಲವಂತೆ! ಆಟೋದವರು ಪೈಪು ನೋಡಿಯೇ ಮೂವತ್ತು ರೂಪಾಯಿ ಜಾಸ್ತಿ ಹೇಳಿದರು. ಬಿ.ಎಚ್. ರಸ್ತೆಯಲ್ಲಿ ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಬೋರ್‌ವೆಲ್ ಹಾಕಿಸ್ತಿದ್ದೀರಾ?" ಎಂದು ಕೇಳಿ ಹೋದ. ನೆನೆದರೆ ಈಗಲೂ ಉರಿಯುತ್ತದೆ.

ಸರಿ, ಕೊಯ್ದಾಯಿತು. ಒಂದು ತುದಿಗೆ ಎಂಸೀಲ್ ಅಂಟು ಮೆತ್ತಿ ಮುಚ್ಚಿದ್ದೇನೆ, ಅದರ ಹತ್ತಿರವೇ ಊದಲು ಒಂದು ತೂತು ಕೊರೆದಿದ್ದೇನೆ.

ಈಗ ಊದೋಣ. ಕೇಳಿ, ಬರೀ ಬುಸ್! ಏಕೆಂದರೆ ತೂತಿನೊಳಗೆ ಊದಿದೆ. ಉಸಿರು ತೂತಿನ ಆಚೆ ಅಂಚಿಗೆ ಬಡಿಯಬೇಕು. ಹಾಗೆ ಬಡಿದಾಗ ಅದು ಒಮ್ಮೆ ಒಳಗೆ, ಒಮ್ಮೆ ಹೊರಗೆ ತೂಗಾಡುತ್ತದೆ, ಸೆಕೆಂಡಿಗೆ ನೂರಾರು ಸಲ. ಆ ತೂಗಾಟಕ್ಕೆ ತಾಳ ಹಾಕುವುದು ಪೈಪಿನೊಳಗಿನ ಗಾಳಿ. ವಾಲಗದವರ ನಾದಸ್ವರದಲ್ಲಿ ಈ ಕೆಲಸ ಪೀಪಿಯದು. ಅದರ ಎರಡು ಎಲೆ ತೆರೆದು ಮುಚ್ಚಿ ಉಸಿರನ್ನು ತುಂಡು ತುಂಡು ಮಾಡಿ ಒಳಗೆ ಬಿಡುತ್ತವೆ. ನಮ್ಮಕ್ಕನ ಮದುವೆಯ ವಾಲಗದವರಂತೂ... ಬೇಡ, ಅದು ದೊಡ್ಡ ಕಥೆ.

ತೂತಿನಿಂದ ತೆರೆದ ತುದಿಗೆ 28 ಸೆಂಟಿಮೀಟರ್. 25 ಡಿಗ್ರಿ ಸೆಖೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಓಡುತ್ತದೆ. ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 618 ಹರ್ಟ್ಸ್. ಫೋನಿನ ಟ್ಯೂನರ್ ನೋಡಿ, 530ರ ಹತ್ತಿರ ಕುಣಿಯುತ್ತಿದೆ. ಪೈಪು ಮುಗಿದರೂ ಗಾಳಿಯ ಅಲೆ ಅಲ್ಲಿಗೇ ನಿಲ್ಲುವುದಿಲ್ಲ, ಸ್ವಲ್ಪ ಹೊರಗೂ ಚಾಚುತ್ತದೆ. ಊದುವ ತೂತು ಸಣ್ಣದಾದಷ್ಟೂ ಪೈಪು ಇನ್ನೂ ಉದ್ದವಿದ್ದಂತೆ ನಡೆದುಕೊಳ್ಳುತ್ತದೆ. ಉದ್ದ ಜಾಸ್ತಿ, ಸ್ವರ ಕೆಳಗೆ.

ಬಿದಿರಿನ ನಾದ ಪ್ಲಾಸ್ಟಿಕ್ಕಿಗೆ ಬರುವುದೇ ಇಲ್ಲ ಎಂದು ಹೋದ ವಿಡಿಯೋದಲ್ಲಿ ಹೇಳಿದ್ದೆ. ವಾಪಸ್ ತಗೊಂಡೆ. ಹಾಡುವುದು ಒಳಗಿನ ಗಾಳಿ, ಗೋಡೆಯಲ್ಲ. ಒಳಗಿನ ಅಳತೆ, ತೂತಿನ ಅಂಚು ಸರಿಯಿದ್ದರೆ ಸಾಕು. ಆದರೂ ಇದನ್ನು ತುಟಿಗಿಟ್ಟರೆ ನಲ್ಲಿ ರಿಪೇರಿಯ ವಾಸನೆ. ಬಿದಿರೇ ವಾಸಿ ಬಿಡಿ.

ಉಳಿದ ಒಂಬತ್ತಡಿ? ತುಟಿ ಬುರ್ರೆನ್ನಿಸಿ ಊದುತ್ತೇನೆ, ಇರಿ. ಬಂತಾ? ಒಂದೂ ತೂತಿಲ್ಲ, ಆದರೂ ಮೂರು ಸ್ವರ! ಕೊಂಬು, ಕಹಳೆಯಲ್ಲೂ ಹೀಗೇ, ತುಟಿಯ ಬಿಗಿಯಲ್ಲೇ ಸ್ವರ ಬದಲಾಗುವುದು. ತುಟಿ ಒಂದು ಕಡೆ ಮುಚ್ಚಿರುವುದರಿಂದ ಈ ನೇರ ಪೈಪಿನ ಸ್ವರ ಎರಡು ಪಟ್ಟನ್ನು ಬಿಟ್ಟು ಮೂರಕ್ಕೆ, ಆಮೇಲೆ ಐದಕ್ಕೆ ಹಾರುತ್ತದೆ.

ಅಯ್ಯೋ, ಪಕ್ಕದ ಮನೆ ಅಜ್ಜಿ ಕೂಗುತ್ತಿದ್ದಾರೆ. "ಏನಮ್ಮಾ, ಎಮ್ಮೆ ತಂದ್ರಾ?"

ಇಲ್ಲ ಅಜ್ಜೀ, ಪೈಪು! ಬ್ಯಾಟರಿ ಕೆಂಪಾಯಿತು, ಬರುತ್ತೇನೆ.