ಅಜ್ಜಿಯನ್ನು ಎಬ್ಬಿಸದ ಸಾಲು

ಕೇಳುಗರಿಗೆ ನಮಸ್ಕಾರ.

ಮೊನ್ನೆ ಅಮ್ಮನನ್ನು ಕರೆದುಕೊಂಡು ಉಡುಪಿಯ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಗೋಡೆಗೆ ತಾಗಿಸಿ 12 ಕುರ್ಚಿ. ಒಬ್ಬರು ಡಾಕ್ಟರ ಬಳಿ ಹೋದ ಕೂಡಲೇ ಉಳಿದ 11 ಜನರೂ ಎದ್ದು ಒಂದೊಂದು ಕುರ್ಚಿ ಮುಂದೆ ಸರಿಯಬೇಕು. ನಮ್ಮ ಪಕ್ಕದಲ್ಲಿ ಗಂಟುನೋವಿನ ಅಜ್ಜಿಯೊಬ್ಬರಿದ್ದರು. ನಾಲ್ಕನೇ ಸಲ ಏಳುವಾಗ ಕೇಳಿದರು, "ಎಂತ ಮಾರಾಯ್ರೇ, ಕೂತಲ್ಲೇ ಕೂತರೆ ಆಗುದಿಲ್ವಾ?"

ನಾನು ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಕ್ಯೂ ಬಗ್ಗೆ ಕೇಳಬೇಕಾದ ಸರಿಯಾದ ಪ್ರಶ್ನೆ ಅದೇ.

ಮೊದಲು ಬಂದವರು ಮೊದಲು ಹೊರಗೆ. ಪ್ರೋಗ್ರಾಮಿನಲ್ಲೂ ಕ್ಯೂ ಅಂದರೆ ಇಷ್ಟೇ ಅಲ್ವಾ? ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಮಕ್ಕಳು ಇದಕ್ಕೆ ಸಾದಾ ಲಿಸ್ಟ್, ಅಂದರೆ ವಸ್ತುಗಳನ್ನು ಸಾಲಾಗಿ ಇಡುವ ಪಟ್ಟಿ, ಬಳಸುತ್ತಾರೆ. ಆ ಲಿಸ್ಟಿನ ಮೊದಲ ವಸ್ತುವನ್ನು ತೆಗೆದರೆ ಹಿಂದಿನದೆಲ್ಲ ಒಂದೊಂದು ಜಾಗ ಮುಂದೆ ಬರಬೇಕು. ಹತ್ತು ವಸ್ತು ಇದ್ದರೆ ಗೊತ್ತಾಗುವುದಿಲ್ಲ. ಲಕ್ಷ ಇದ್ದರೆ ಪ್ರತಿ ಸಲವೂ ಲಕ್ಷ ಜನ ಎದ್ದು ಕೂತ ಹಾಗೆ.

ಅಜ್ಜಿ ಹೇಳಿದ ದಾರಿಯೇ ಒಳ್ಳೆಯದು. ಎಲ್ಲರೂ ಕೂತಲ್ಲೇ ಇರಲಿ. ಮುಂದಿನ ಸರದಿ ಯಾವ ಕುರ್ಚಿಯದು, ಹೊಸಬರು ಎಲ್ಲಿ ಕೂರಬೇಕು, ಈ ಎರಡು ಸಂಖ್ಯೆ ನೆನಪಿಟ್ಟರೆ ಸಾಕು. 12ನೇ ಕುರ್ಚಿ ತುಂಬುವ ಹೊತ್ತಿಗೆ 1ನೇ ಕುರ್ಚಿ ಖಾಲಿಯಾಗಿರುತ್ತದೆ. ಹೊಸಬರು ಅಲ್ಲಿ ಕೂರುತ್ತಾರೆ. ಗಡಿಯಾರದಲ್ಲಿ 12 ಆದ ಮೇಲೆ 1 ಬಂದ ಹಾಗೆ. ಇದನ್ನು ಸರ್ಕ್ಯುಲರ್ ಅರೇ, ಅಂದರೆ ಸುತ್ತಿ ಬರುವ ಸಾಲು, ಅನ್ನುತ್ತಾರೆ. ಜಾವಾ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ. ಕ್ಲಾಸ್ ಅಂದರೆ ಮಾಹಿತಿಯನ್ನೂ ಅದರ ಮೇಲೆ ಮಾಡುವ ಕೆಲಸಗಳನ್ನೂ ಒಟ್ಟಿಗೆ ಕಟ್ಟಿಟ್ಟ ನಮೂನೆ. 2006ರಲ್ಲಿ ಜಾವಾ 6ರ ಜೊತೆ ಬಂದ ಅರೇಡೆಕ್ ಕ್ಲಾಸಿನ ಒಳಗೆ ಇರುವುದು ಇದೇ. ಪೈಥಾನಿನಲ್ಲೂ ಡೆಕ್ ಅನ್ನುವ ಕ್ಲಾಸ್ ಇದೆ. ಅದರಲ್ಲೂ ಯಾರನ್ನೂ ಎಬ್ಬಿಸಬೇಕಾಗಿಲ್ಲ.

ಇನ್ನು ಕ್ಲಾಸ್ ಯಾಕೆ ಬೇಕು? ನನಗೆ ತುಂಬಾ ಮುಖ್ಯ ಅನಿಸುವುದು ಇದೇ. ಕುರ್ಚಿಗಳ ಲೆಕ್ಕ ಕ್ಲಾಸಿನ ಒಳಗೆ ಪ್ರೈವೇಟ್ ಆಗಿರಬೇಕು, ಹೊರಗಿನವರು ಮುಟ್ಟಬಾರದು. ಸೇರಿಸು, ತೆಗೆ, ಮುಂದೆ ಯಾರಿದ್ದಾರೆ ನೋಡು, ಈ ಮೂರು ಮೆಥಡ್, ಅಂದರೆ ಕ್ಲಾಸ್ ಮಾಡಿಕೊಡುವ ಕೆಲಸಗಳು, ಹೊರಗೆ ಕಂಡರೆ ಸಾಕು. ನಡುವೆ ನುಗ್ಗಿಸುವ ಮೆಥಡ್ ಇಲ್ಲವೇ ಇಲ್ಲ. ಪರಿಚಯದವರು ಅಂತ ಯಾರನ್ನೂ ಒಳಗೆ ಬಿಡಲು ಆಗದು. ಒಳಗಿನ ಲಿಸ್ಟನ್ನು ಸುಮ್ನೆ ತೆರೆದಿಟ್ಟರೆ ಪ್ರೋಗ್ರಾಮಿನ ಇನ್ನೆಲ್ಲೋ ಒಂದು ಸಾಲು ಅದಕ್ಕೆ ಕೈ ಹಾಕುತ್ತದೆ. ಸರದಿ ತಪ್ಪಿದ್ದು ಎಲ್ಲಿ ಅಂತ ಮಕ್ಕಳು ಇಡೀ ದಿನ ಹುಡುಕಿದ್ದನ್ನು ನಾನು ನೋಡಿದ್ದೇನೆ.

ಖಾಲಿ ಕ್ಯೂವಿನಿಂದ ತೆಗೆಯಲು ಹೋದರೆ ಏನಾಗಬೇಕು ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ಜಾವಾದಲ್ಲಿ ತೆಗೆಯಲು ಎರಡು ಮೆಥಡ್ ಇವೆ. ರಿಮೂವ್ ಅಂದರೆ ಎಕ್ಸೆಪ್ಶನ್, ಅಂದರೆ ತಪ್ಪಾಗಿದೆ ಅನ್ನುವ ಸೂಚನೆ, ಬರುತ್ತದೆ. ಪೋಲ್ ಅಂದರೆ ನಲ್, ಅಂದರೆ ಏನೂ ಇಲ್ಲ ಅನ್ನುವ ಗುರುತು, ಸಿಗುತ್ತದೆ.

ಅಷ್ಟರಲ್ಲಿ ಜ್ವರದಿಂದ ನಡುಗುವ ಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ಬಂದರು. ಯಾರೂ ತಕರಾರು ಮಾಡಲಿಲ್ಲ, ಮೊದಲು ಅವರನ್ನೇ ಕಳಿಸಿದರು. ಅದಕ್ಕೆ ಬೇರೆ ಕ್ಲಾಸ್ ಇದೆ, ಪ್ರಯಾರಿಟಿ ಕ್ಯೂ. ಜಾವಾದಲ್ಲಿ ಅರೇಡೆಕ್, ಪ್ರಯಾರಿಟಿ ಕ್ಯೂ ಎರಡೂ "ಕ್ಯೂ" ಎಂಬ ಒಂದೇ ಇಂಟರ್ಫೇಸಿನ, ಅಂದರೆ ಯಾವ ಮೆಥಡ್ ಇರಬೇಕು ಅನ್ನುವ ಒಪ್ಪಂದದ, ಮಾತು ಕೇಳುತ್ತವೆ. ಹಾಗಾಗಿ ಉಳಿದ ಪ್ರೋಗ್ರಾಂ ಜಾಸ್ತಿ ಬದಲಿಸಬೇಕಾಗಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಅಷ್ಟೇ ಜ್ವರದ ಇನ್ನೊಂದು ಮಗು ಬಂದರೆ, ಯಾರು ಮೊದಲು ಬಂದದ್ದು ಅಂತ ಜಾವಾದ ಆ ಕ್ಲಾಸ್ ನೋಡುವುದಿಲ್ಲ. ಯಾರು ಮುಂದೆ ಅಂತ ತೀರ್ಮಾನಿಸುವ ಹೋಲಿಕೆಯಲ್ಲಿ ಬಂದ ಕ್ರಮದ ಟೋಕನ್ ನಂಬರನ್ನೂ ನೀವೇ ಸೇರಿಸಬೇಕು.

ನಮಸ್ಕಾರ.